ಲೋಗೋ ಟೂಲ್ ಕೊಟ್ಟ ಫೈಲನ್ನು ಪ್ರೆಸ್‌ನವರು ವಾಪಸ್ ಕಳಿಸುತ್ತಿದ್ದಾರೆ, ಎಲ್ಲಿ ತಪ್ಪು?

ಚಕ್ರಪಾಣಿ_ಹೊಸಬ

ಸೈಕಲ್ ರಿಪೇರಿ ಸೇವೆಯೊಂದಕ್ಕೆ ಲೋಗೋ ಬೇಕು. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರಬೇಕು. ಎರಡು ಬಗೆಯ ಟೂಲ್ ನೋಡಿಯಾಯಿತು. ಒಂದು, ಹೆಸರು, ಕಸುಬು, ಇಷ್ಟದ ಬಣ್ಣ ಕೇಳಿ ಸಾಲುಸಾಲಾಗಿ ಮಾದರಿ ತೋರಿಸುವ ಲೋಗೋ ಮೇಕರ್. ಇನ್ನೊಂದು, ಬೇಕಾದ್ದನ್ನು ಬರೆದರೆ ಚಿತ್ರ ಮಾಡಿಕೊಡುವ ಎಐ. ಎರಡನೆಯದರಲ್ಲಿ ಬಂದ ಚಿಹ್ನೆ ಚೆನ್ನಾಗಿದೆ: ಚಕ್ರದ ನಡುವೆ ಸ್ಪ್ಯಾನರ್. 1024×1024 ಪಿಎನ್‌ಜಿ. ಪ್ರೆಸ್‌ನವರು ವೆಕ್ಟರ್ ಕೊಡಿ ಅಂದರು, ಅಂದರೆ ಚುಕ್ಕೆಗಳ ಬದಲು ಗೆರೆಗಳ ಲೆಕ್ಕದಲ್ಲಿ ಇರುವ, ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಫೈಲ್. ಆನ್‌ಲೈನ್ ಕನ್ವರ್ಟರಿನಲ್ಲಿ ಎಸ್‌ವಿಜಿ (ವೆಕ್ಟರಿನ ಒಂದು ಫೈಲ್ ಬಗೆ) ಮಾಡಿ ಕೊಟ್ಟರೆ ಅದೂ ವಾಪಸ್. ಎಐ ಚಿತ್ರದಲ್ಲಿ ಕನ್ನಡ ಹೆಸರು ಅಕ್ಷರವೇ ಅಲ್ಲದ ಏನೋ ಆಗಿದೆ, ಲೋಗೋ ಮೇಕರಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ಕೂತಿದೆ. ಮುಂದೇನು ಮಾಡಬೇಕು?

ಗೆರೆಗಾರ

ಮೊದಲು ಆ ಎಸ್‌ವಿಜಿ ಫೈಲನ್ನು ನೋಟ್‌ಪ್ಯಾಡ್‌ನಂಥ ಸಾದಾ ಎಡಿಟರಿನಲ್ಲಿ ತೆರೆಯಿರಿ. ಒಳಗೆ 'ಪಾತ್' ಅನ್ನುವ ಟ್ಯಾಗುಗಳೂ ಅವುಗಳ ಮುಂದೆ ಅಂಕಿಗಳ ಸಾಲೂ ಕಂಡರೆ ಅದು ನಿಜವಾದ ವೆಕ್ಟರ್. 'ಇಮೇಜ್' ಅನ್ನುವ ಒಂದೇ ಟ್ಯಾಗ್, ಅದರ ಹಿಂದೆ 'ಬೇಸ್64' ಅಂತ ಶುರುವಾಗಿ ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರಗಳು ಕಂಡರೆ, ನಿಮ್ಮ ಹಳೆಯ ಪಿಎನ್‌ಜಿಯನ್ನೇ ಎಸ್‌ವಿಜಿ ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ ಅಂತ ತಿಳಿಯಿರಿ. ಪುಕ್ಕಟೆ ಕನ್ವರ್ಟರುಗಳಲ್ಲಿ ಹೀಗೆ ಆಗುವುದು ಬಹಳ. ಹೆಸರಿಗೆ ವೆಕ್ಟರ್, ಹಿಗ್ಗಿಸಿದರೆ ಅದೇ ಮೆಟ್ಟಿಲು ಮೆಟ್ಟಿಲಾದ ಅಂಚು.

1024 ಪಿಕ್ಸೆಲ್ ಎಷ್ಟಕ್ಕೆ ಸಾಲುತ್ತದೆ ಅನ್ನುವ ಲೆಕ್ಕವೂ ಸುಲಭ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಹಿಡಿದರೆ 1024 ÷ 300 = 3.4 ಇಂಚು, ಅಂದರೆ 8.7 ಸೆಂಟಿಮೀಟರ್. ವಿಸಿಟಿಂಗ್ ಕಾರ್ಡಿಗೆ ಧಾರಾಳವಾಯಿತು, ಬೋರ್ಡಿಗೆ ಏನೂ ಅಲ್ಲ.

ಮೆಶ್‌ಮನೆ

ಪ್ರೆಸ್ ಕಡೆಯಿಂದ ನೋಡಿದರೆ, ವೆಕ್ಟರ್ ಅಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಟ್ರೇಸ್ ಮಾಡಿದ, ಅಂದರೆ ಪಿಕ್ಸೆಲ್ ಚಿತ್ರದ ಅಂಚು ಹಿಡಿದು ವೆಕ್ಟರ್ ಗೆರೆ ಎಳೆಸಿದ ಫೈಲಿನಲ್ಲಿ ಸಾಮಾನ್ಯವಾಗಿ ಮೂರು ರೋಗ ಇರುತ್ತವೆ. ಬಿಳಿ ಹಿನ್ನೆಲೆಯೇ ಒಂದು ಆಕಾರವಾಗಿ ಕೂತಿರುತ್ತದೆ. ಬಣ್ಣದ ಬಟ್ಟೆ ಮೇಲೆ ಇಟ್ಟಾಗ ಬಿಳಿ ಚೌಕ ಎದ್ದು ಕಾಣುತ್ತದೆ. ಎರಡನೆಯದು, ಕಣ್ಣಿಗೆ ಒಂದೇ ನೀಲಿ ಅನ್ನಿಸುವುದು ಫೈಲಿನಲ್ಲಿ ಹತ್ತೆಂಟು ನೀಲಿ ಆಗಿರುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಹತ್ತೆಂಟು ನೀಲಿಗೆ ಯಾರೂ ಸ್ಕ್ರೀನ್ ಮಾಡುವುದಿಲ್ಲ. ಮೂರನೆಯದು ವಿನೈಲ್ ಕಟಿಂಗಿನವರ ತಲೆನೋವು: ಒಂದರ ಮೇಲೊಂದು ಬಿದ್ದಿರುವ ಆಕಾರಗಳು. ಯಂತ್ರದ ಬ್ಲೇಡು ಪ್ರತಿ ಗೆರೆಯನ್ನೂ ಕತ್ತರಿಸುತ್ತದೆ, ಮೇಲಿನದು ಕೆಳಗಿನದನ್ನು ಮುಚ್ಚಿದೆಯಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದೇ ಬಣ್ಣದ ಆಕಾರಗಳನ್ನು 'ಯೂನಿಯನ್' ಮಾಡಿ ಒಂದಾಗಿಸಿಯೇ ಕಳಿಸಬೇಕು.

ಫೈಲ್ ಕೊಡುವ ಮುಂಚೆ ಇಂಕ್‌ಸ್ಕೇಪ್ ಅನ್ನುವ ಪುಕ್ಕಟೆ ವೆಕ್ಟರ್ ಪ್ರೋಗ್ರಾಮಿನಲ್ಲಿ ವ್ಯೂ ಮೆನುವಿನಿಂದ 'ಔಟ್‌ಲೈನ್' ನೋಟಕ್ಕೆ ಹೋಗಿ. ಬಣ್ಣವೆಲ್ಲ ಮಾಯವಾಗಿ ಬರೀ ಗೆರೆ ಉಳಿಯುತ್ತದೆ. ನಾವು ಫೈಲ್ ಬಂದ ಕೂಡಲೇ ನೋಡುವುದು ಅದನ್ನೇ.

ಚಕ್ರಪಾಣಿ_ಹೊಸಬ

ನೋಡಿದೆ. 'ಇಮೇಜ್' ಟ್ಯಾಗ್ ಒಂದೇ ಇರುವುದು. ಹಾಗಾದರೆ ಟ್ರೇಸ್ ಮಾಡುವ ಸರಿಯಾದ ಕ್ರಮ ಯಾವುದು?

ಗೆರೆಗಾರ

ಇಂಕ್‌ಸ್ಕೇಪ್ ಸಾಕು. ಒಳಗೆ ಕೆಲಸ ಮಾಡುವುದು ಪೋಟ್ರೇಸ್ ಅನ್ನುವ ಪ್ರೋಗ್ರಾಂ. ಅದಕ್ಕೆ ಅರ್ಥವಾಗುವುದು ಕಪ್ಪು-ಬಿಳುಪು ಎರಡೇ. ಬೂದು ಕಂಡರೆ ಈ ಕಡೆಯೋ ಆ ಕಡೆಯೋ ತಳ್ಳುತ್ತದೆ. ಆದ್ದರಿಂದ ಚಿತ್ರವನ್ನು ಮೊದಲೇ ಅಣಿ ಮಾಡಿಕೊಳ್ಳಬೇಕು.

ಜಿಂಪ್ ಅನ್ನುವ ಚಿತ್ರ ತಿದ್ದುವ ಪ್ರೋಗ್ರಾಮಿನಲ್ಲಿ ತೆರೆದು 4 ಪಟ್ಟು ದೊಡ್ಡದು ಮಾಡಿ, ಅಂದರೆ 4096 ಪಿಕ್ಸೆಲ್, ಕ್ಯೂಬಿಕ್ ಇಂಟರ್‌ಪೊಲೇಶನ್. ಆಮೇಲೆ 2–3 ಪಿಕ್ಸೆಲ್ ಗೌಸಿಯನ್ ಬ್ಲರ್ ಕೊಡಿ, ಅದರ ಮೇಲೆ ಥ್ರೆಶೋಲ್ಡ್, ಅಂದರೆ ಒಂದು ಮಟ್ಟಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದೆಲ್ಲ ಬಿಳಿ. ಬ್ಲರ್ ಯಾಕೆ ಅನ್ನಬಹುದು. ಅಂಚಿನ ಮೆಟ್ಟಿಲುಗಳನ್ನು ಕರಗಿಸಿ, ಥ್ರೆಶೋಲ್ಡಿನಲ್ಲಿ ನುಣುಪಾದ ಅಂಚು ತರುವುದಕ್ಕೆ. ಬಿಟ್ಟರೆ ಪ್ರತಿ ಮೆಟ್ಟಿಲಿಗೂ ಒಂದೊಂದು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಬೀಳುತ್ತದೆ. ಮೂಲ ಜೆಪಿಜಿ ಆಗಿದ್ದರೆ ಅಂಚಿನ ಸುತ್ತ ಧೂಳಿನಂಥ ಚುಕ್ಕೆ ಇರುತ್ತವೆ, ಅವೂ ಈ ಹಂತದಲ್ಲೇ ಹೋಗಬೇಕು.

ಇಂಕ್‌ಸ್ಕೇಪಿನಲ್ಲಿ ಶಿಫ್ಟ್+ಆಲ್ಟ್+ಬಿ. ಮೂರು ಅಂಕಿ ಗಮನಿಸಿ. ಸ್ಪೆಕಲ್ಸ್ ಮೊದಲಿಗೆ 2 ಇರುತ್ತದೆ. ಇಷ್ಟು ದೊಡ್ಡ ಚಿತ್ರಕ್ಕೆ 100ರ ಮೇಲೆ ಇಟ್ಟರೂ ನಷ್ಟವಿಲ್ಲ, ಚುಕ್ಕೆಗಳು ಉದುರುತ್ತವೆ. ಸ್ಮೂತ್ ಕಾರ್ನರ್ಸ್ 1.0 ಇರುತ್ತದೆ: 0 ಮಾಡಿದರೆ ಬರೀ ನೇರ ಗೆರೆಗಳ ಬಹುಭುಜ, 1.34ಕ್ಕೆ ಒಯ್ದರೆ ಮೂಲೆಯೆಲ್ಲ ಸವೆದ ಸೋಪಿನ ಹಾಗೆ ದುಂಡಗೆ. ಸ್ಪ್ಯಾನರಿನ ಬಾಯಿಗೆ ಚೂಪು ಬೇಕಲ್ಲ, 0.8ರ ಸುಮಾರು ಪ್ರಯತ್ನಿಸಿ. ಆಪ್ಟಿಮೈಸ್ 0.2 ಇರುವುದನ್ನು 1ರಿಂದ 2ರವರೆಗೆ ಏರಿಸಿದರೆ ನೋಡ್ ಕಡಿಮೆಯಾಗುತ್ತವೆ, ಆಕಾರ ಕೊಂಚ ಸಡಿಲವಾಗುತ್ತದೆ.

ಮುಗಿದ ಮೇಲೆ ಮೂಲ ಚಿತ್ರ ಅಳಿಸಲು ಮರೆಯಬೇಡಿ. ಟ್ರೇಸ್ ಆದದ್ದು ಅದರ ಮೇಲೆಯೇ ಕೂತಿರುತ್ತದೆ, ಎರಡೂ ಒಂದೇ ಥರ ಕಾಣುತ್ತವೆ, ಹಳೆಯ ಪಿಎನ್‌ಜಿಯೂ ಸೇರಿಕೊಂಡೇ ಪ್ರೆಸ್‌ಗೆ ಹೋಗುತ್ತದೆ.

ತ್ರಿಜ್ಯ

ಗೆರೆಗಾರರೇ, ಕ್ರಮ ಸರಿ, ಆದರೆ ಈ ಚಿಹ್ನೆಗೆ ಟ್ರೇಸ್ ಮಾಡುವುದೇ ತಪ್ಪು ದಾರಿ ಅಂತ ನನ್ನ ವಾದ. ಚಕ್ರ ಅಂದರೆ ವೃತ್ತ. ವೃತ್ತಕ್ಕೆ ಬೇಕಾದ್ದು 4 ನೋಡ್. ಟ್ರೇಸ್ ಮಾಡಿದರೆ 20–30 ಬೀಳುತ್ತವೆ, ಯಾವುದೂ ಕಾಲು ಭಾಗದ ಬಿಂದುವಿನಲ್ಲಿ ಇರುವುದಿಲ್ಲ, ಬೋರ್ಡಿನ ಗಾತ್ರಕ್ಕೆ ಹಿಗ್ಗಿಸಿದಾಗ ಚಕ್ರ ಸೊಟ್ಟ ಅಂತ ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಇನ್ನು ಎಐ ಬರೆದ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ. ಎಡಕ್ಕೊಂದು ಸಂಖ್ಯೆ, ಬಲಕ್ಕೊಂದು ಸಂಖ್ಯೆ ಇರುತ್ತದೆ, ನಡುವಣ ಕೋನ ಒಂದೇ ಸಮ ಇರುವುದಿಲ್ಲ. ಪಿಕ್ಸೆಲ್‌ಗಳ ಹೋಲಿಕೆಯಿಂದ ಹುಟ್ಟಿದ ಚಿತ್ರಕ್ಕೆ ಎಣಿಕೆಯೂ ಇಲ್ಲ, ಕೋನಮಾಪಕವೂ ಇಲ್ಲ. ಆ ತಪ್ಪನ್ನೇ ನೀವು ನಿಷ್ಠೆಯಿಂದ ಟ್ರೇಸ್ ಮಾಡಿಕೊಡುತ್ತೀರಿ.

ಎಐ ಚಿತ್ರವನ್ನು ಕರಡು ಅಂತಿಟ್ಟುಕೊಳ್ಳಿ. ಅದನ್ನು ಕೆಳಗಿನ ಲೇಯರಿನಲ್ಲಿ ಹಾಕಿ, ಅಪಾಸಿಟಿ 30ಕ್ಕೆ ಇಳಿಸಿ, ಲಾಕ್ ಮಾಡಿ. ಮೇಲಿನ ಲೇಯರಿನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ನಿಜವಾದ ವೃತ್ತ ಎಳೆಯಿರಿ. ಒಂದೇ ಒಂದು ಕಡ್ಡಿ ಬರೆದು, ಅದರ ತಿರುಗು ಕೇಂದ್ರವನ್ನು ಚಕ್ರದ ಕೇಂದ್ರಕ್ಕೆ ಕೂಡಿಸಿ, 30 ಡಿಗ್ರಿಗೊಂದರಂತೆ ನಕಲು ಮಾಡಿದರೆ 12 ಕಡ್ಡಿ. 12 ಕೂಡ ಜಾಸ್ತಿಯೇ, ಸಣ್ಣ ಗಾತ್ರಕ್ಕೆ 8 ಸಾಕು, 45 ಡಿಗ್ರಿಗೊಂದು. ಸ್ಪ್ಯಾನರಿನ ಬಾಯಿ ಅಂದರೆ ಒಂದು ವೃತ್ತದಿಂದ ಒಂದು ಷಡ್ಭುಜ ಕಳೆದದ್ದು, 'ಡಿಫರೆನ್ಸ್' ಒಂದು ಸಲ ಒತ್ತಿದರೆ ಆಯಿತು. ಒಟ್ಟು ಒಂದು ಗಂಟೆಯ ಕೆಲಸ. ಟ್ರೇಸ್ ಮಾಡಿ ನೋಡ್ ಸರಿಪಡಿಸುತ್ತ ಕೂತರೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಗೆರೆಗಾರ

ಈ ಚಿಹ್ನೆಗೆ ಒಪ್ಪಿದೆ. ಕುಂಚದ ಗೆರೆ, ಎಲೆ, ಹಕ್ಕಿ ಥರದ್ದಾಗಿದ್ದರೆ ಟ್ರೇಸ್ ಪರವಾಗಿ ಇನ್ನೂ ವಾದಿಸುತ್ತೇನೆ.

ಎಐಗೆ ಬರೆದುಕೊಡುವ ವಿವರಣೆಯಲ್ಲೇ ಅರ್ಧ ಕಸ ತಡೆಯಬಹುದು. 'ಲೋಗೋ' ಅಂತ ಮಾತ್ರ ಬರೆದರೆ ಹೊಳಪು, ನೆರಳು, ಗೋಡೆ ಮೇಲೆ ಅಂಟಿಸಿದ ಹಾಗೆ ಮೂರು ಆಯಾಮ ಎಲ್ಲ ಬರುತ್ತವೆ. ಚಪ್ಪಟೆ ಆಕಾರ, ಒಂದೇ ಕಪ್ಪು ಬಣ್ಣ, ಅಪ್ಪಟ ಬಿಳಿ ಹಿನ್ನೆಲೆ, ಗ್ರೇಡಿಯಂಟ್ (ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು) ಬೇಡ, ನೆರಳು ಬೇಡ, ಅಕ್ಷರ ಬೇಡ, ನಡುವೆ ಒಂದೇ ಚಿಹ್ನೆ ಅಂತ ಬಿಡಿಸಿ ಹೇಳಬೇಕು. ಬಣ್ಣ ಆಮೇಲೆ. ಕಪ್ಪಿನಲ್ಲಿ ನಿಲ್ಲದ ಚಿಹ್ನೆ ಬಣ್ಣದಲ್ಲೂ ನಿಲ್ಲುವುದಿಲ್ಲ.

ಅಕ್ಷರಪಾಟಿ

ಕನ್ನಡದ ವಿಷಯ ಯಾರೂ ಮುಟ್ಟಲಿಲ್ಲ, ಅಲ್ಲೇ ಎಲ್ಲರೂ ಎಡವುವುದು.

ಒತ್ತಕ್ಷರ ಪಕ್ಕಕ್ಕೆ ಬೀಳುವುದು ಫಾಂಟಿನ ತಪ್ಪಲ್ಲ. ಯೂನಿಕೋಡಿನಲ್ಲಿ 'ಕ್ರ' ಅಂದರೆ ಕ, ಹಲಂತ, ರ ಮೂರು ಸಂಕೇತ. ಅವನ್ನು ಸೇರಿಸಿ ಕೆಳಗೆ ರವತ್ತು ಕೂರಿಸುವುದು ಶೇಪಿಂಗ್ ಎಂಜಿನ್ನಿನ ಕೆಲಸ. ಬ್ರೌಸರುಗಳಲ್ಲಿ ಅದು ಇದೆ. ಆದರೆ ಅನೇಕ ಲೋಗೋ ಮೇಕರುಗಳು ಪರದೆಯ ಮೇಲೆ ಬ್ರೌಸರಿನ ಕೈಲಿ ಬರೆಸಿ, ಡೌನ್‌ಲೋಡ್ ಫೈಲನ್ನು ಮಾತ್ರ ಶೇಪಿಂಗ್ ಗೊತ್ತಿಲ್ಲದ ಬೇರೆ ಪ್ರೋಗ್ರಾಮಿನಿಂದ ತಯಾರಿಸುತ್ತವೆ. ಪ್ರಿವ್ಯೂನಲ್ಲಿ 'ಚಕ್ರ', ಪಿಡಿಎಫ್‌ನಲ್ಲಿ 'ಚಕ್‌ರ'. ಕಾಸು ಕೊಡುವ ಮುಂಚೆ ಪರೀಕ್ಷೆ ಮಾಡಿ: ಸ್ತ್ರೀ, ರಾಷ್ಟ್ರ, ಕೃಷಿ, ಅರ್ಕ, ಜ್ಞಾನ. ಈ ಐದನ್ನು ಡೌನ್‌ಲೋಡ್ ಫೈಲಿನಲ್ಲಿ ಸರಿಯಾಗಿ ಕೊಟ್ಟರೆ ಆ ಟೂಲ್ ಪಾಸು. 'ಸ್ತ್ರೀ'ಯಲ್ಲಿ ಎರಡು ಒತ್ತು ಒಟ್ಟಿಗೆ ಬರುತ್ತವೆ, 'ಅರ್ಕ'ದಲ್ಲಿ ಬರವಣಿಗೆಯಲ್ಲಿ ಮುಂದಿರುವ ರ ಹಿಂದಕ್ಕೆ ಹೋಗಿ ಅರ್ಕಾವೊತ್ತು ಆಗಬೇಕು. ಅರೆಬರೆ ಎಂಜಿನ್ನುಗಳು ಈ ಎರಡರಲ್ಲೇ ಸಿಕ್ಕಿಬೀಳುತ್ತವೆ.

ಇನ್ನೊಂದು ಮೋಸ ಇದೆ. ಟೂಲ್ ತೋರಿಸುವ ನೂರು ಫಾಂಟುಗಳಲ್ಲಿ ಬಹುಪಾಲಿಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆಗ ನಿಮ್ಮ ಕಂಪ್ಯೂಟರಿನಲ್ಲಿರುವ ಯಾವುದೋ ಕನ್ನಡ ಫಾಂಟ್ ಸದ್ದಿಲ್ಲದೆ ಬಂದು ತುಂಬುತ್ತದೆ. ಹತ್ತು ಫಾಂಟ್ ಬದಲಾಯಿಸಿದರೂ ಇಂಗ್ಲಿಷ್ ಮಾತ್ರ ಬದಲಾಗಿ ಕನ್ನಡ ಹಾಗೇ ಇದ್ದರೆ ಆಗುತ್ತಿರುವುದು ಇದೇ. ಆ ಫೈಲ್ ಬೇರೆ ಕಂಪ್ಯೂಟರಿಗೆ ಹೋದರೆ ಅಲ್ಲಿ ಇನ್ನೊಂದೇ ಫಾಂಟ್.

ಎಐ ಚಿತ್ರದಲ್ಲಿ ಕನ್ನಡ ಬರೆಸುವ ಪ್ರಯತ್ನ ಬಿಟ್ಟುಬಿಡಿ. ಅಕ್ಷರದ ಜಾಗ ಖಾಲಿ ಬಿಡಿಸಿ, ಹೆಸರನ್ನು ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ. ಅಲ್ಲಿ ಶೇಪಿಂಗ್ ಸರಿ ಇದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ದಪ್ಪಗೆ ಬೇಕಿದ್ದರೆ ಬಾಲೂ ತಮ್ಮ 2. ಮೂರೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನವು. ಲೋಗೋದಲ್ಲಿ, ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ, ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ ಅಷ್ಟೆ.

ಟೈಪ್ ಮಾಡಿದ ಮೇಲೆ ಅಂತರ ಸರಿಪಡಿಸಿ, ಕೊನೆಯಲ್ಲಿ ಶಿಫ್ಟ್+ಕಂಟ್ರೋಲ್+ಸಿ ಒತ್ತಿ 'ಆಬ್ಜೆಕ್ಟ್ ಟು ಪಾತ್' ಮಾಡಿ. ಅಲ್ಲಿಗೆ ಅದು ಅಕ್ಷರ ಅಲ್ಲ, ಆಕಾರ. ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಕಾಗುಣಿತ ತಪ್ಪಿದ್ದರೆ ತಿದ್ದಲೂ ಆಗುವುದಿಲ್ಲ, ಹಾಗಾಗಿ ಟೈಪ್ ಮಾಡಿದ ಪ್ರತಿಯನ್ನು ಬೇರೆ ಫೈಲಾಗಿ ಉಳಿಸಿಕೊಳ್ಳಿ.

ಚಕ್ರಪಾಣಿ_ಹೊಸಬ

ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಇಟ್ಟೆ. ಎರಡಕ್ಕೂ 48 ಪಾಯಿಂಟ್. ಕನ್ನಡ ಸಣ್ಣದಾಗಿ ಕಾಣುತ್ತಿದೆ, ರವತ್ತು ಹೋಗಿ ಇಂಗ್ಲಿಷಿನ ತಲೆಗೆ ತಾಗುತ್ತಿದೆ.

ಅಕ್ಷರಪಾಟಿ

ಪಾಯಿಂಟ್ ಮರೆತುಬಿಡಿ. ಒಂದೇ ಪಾಯಿಂಟಿನಲ್ಲಿ ಎರಡು ಲಿಪಿಯ ಎತ್ತರ ಒಂದೇ ಇರಬೇಕೆಂಬ ನಿಯಮವೇನಿಲ್ಲ. ಕನ್ನಡ ಫಾಂಟು ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬಿಡಬೇಕಾದ್ದರಿಂದ ಅಕ್ಷರದ ಒಡಲು ಚಿಕ್ಕದಾಗಿರುತ್ತದೆ. ಗೈಡ್ ಎಳೆದು 'ಕ'ದ ಎತ್ತರ ಇಂಗ್ಲಿಷಿನ ಸಣ್ಣಕ್ಷರಕ್ಕಿಂತ ಎತ್ತರ, ದೊಡ್ಡಕ್ಷರಕ್ಕಿಂತ ಕೊಂಚ ಗಿಡ್ಡ ಆಗುವವರೆಗೆ ಹಿಗ್ಗಿಸಿ. ಗೆರೆಯ ದಪ್ಪವನ್ನೂ ಅಕ್ಕಪಕ್ಕ ಇಟ್ಟು ನೋಡಿ; ಹಿಗ್ಗಿಸಿದ್ದರಿಂದ ಕನ್ನಡ ದಪ್ಪವಾಗಿದ್ದರೆ ಒಂದು ತೂಕ ಕೆಳಗಿನದನ್ನು ಆರಿಸಿ, ಬೋಲ್ಡ್ ಇದ್ದದ್ದು ಸೆಮಿಬೋಲ್ಡ್.

ಸಾಲುಗಳ ನಡುವಿನ ಅಂತರವನ್ನು ಒಡಲಿನ ಕೆಳಗೆರೆಯಿಂದ ಅಳೆಯಬೇಡಿ, ಒತ್ತಿನ ಕೆಳತುದಿಯಿಂದ ಅಳೆಯಿರಿ. ಲೋಗೋ ಸುತ್ತ ಬಿಡುವ ಖಾಲಿ ಜಾಗಕ್ಕೂ ಇದೇ ಅಳತೆ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಶೋಕಿ ಇಂಗ್ಲಿಷ್ ದೊಡ್ಡಕ್ಷರಕ್ಕೆ ಒಪ್ಪುತ್ತದೆ, ಕನ್ನಡಕ್ಕೆ ಬೇಡ. ಕೆಲವು ಟೂಲುಗಳು ಅಕ್ಷರವನ್ನೂ ಅದರ ಒತ್ತನ್ನೂ ಎಳೆದು ಬೇರೆ ಮಾಡುತ್ತವೆ. ವೃತ್ತದ ಸುತ್ತ ಹೆಸರು ಬಳಸುವಾಗಲೂ ಇದೇ ತೊಂದರೆ. ಹಾಗೆ ಬೇಕೇ ಬೇಕಿದ್ದರೆ ಪಾತ್ ಮಾಡಿದ ಮೇಲೆ ಒಂದೊಂದು ಅಕ್ಷರವನ್ನು ಒತ್ತಿನ ಸಮೇತ ಗ್ರೂಪ್ ಮಾಡಿ ಕೈಯಿಂದ ತಿರುಗಿಸಿ.

ಪಿಕ್ಸೆಲ್‌ಪುಟ್ಟ

ಮೊಬೈಲ್, ವೆಬ್ ಕಡೆಯದ್ದು ಹೇಳ್ತೀನಿ. ಬ್ರೌಸರ್ ಟ್ಯಾಬಲ್ಲಿ ಐಕಾನ್ 16×16 ಪಿಕ್ಸೆಲ್. ಅಂದ್ರೆ ಇಡೀ ಲೋಗೋಗೆ 256 ಚುಕ್ಕೆ. 8 ಕಡ್ಡಿ ಚಕ್ರ ಅಲ್ಲಿ ಬೂದು ಉಂಡೆ ಆಗುತ್ತೆ. ಟೂಲುಗಳು ದೊಡ್ಡದನ್ನೇ ಕುಗ್ಗಿಸಿ ಕೊಡ್ತಾವೆ, ಅದು ನಡೆಯಲ್ಲ. 16ಕ್ಕೆ ಬೇರೆ ಚಿತ್ರ ಬರೀಬೇಕು: ಕಡ್ಡಿ ತೆಗೆದು ಬರೀ ಹೊರಸುತ್ತು, ಒಳಗೆ ಸ್ಪ್ಯಾನರ್. ಗೆರೆ ಕಡಿಮೆ ಅಂದ್ರೂ 2 ಪಿಕ್ಸೆಲ್, ಅದೂ ಪಿಕ್ಸೆಲ್ ಗ್ರಿಡ್ಡಿಗೆ ಕೂತಿರಬೇಕು. ಅರ್ಧ ಪಿಕ್ಸೆಲ್ ಜಾರಿದ್ರೆ ಅಂಚೆಲ್ಲ ಮಂಕು.

ಬೇಕಾಗೋ ಗಾತ್ರಗಳು: 16, 32, 48, ಐಫೋನ್ ಹೋಮ್ ಸ್ಕ್ರೀನಿಗೆ 180, ಆಂಡ್ರಾಯ್ಡ್ ವೆಬ್ ಆ್ಯಪಿಗೆ 192 ಮತ್ತು 512. ಆಂಡ್ರಾಯ್ಡಲ್ಲಿ ಐಕಾನನ್ನ ಫೋನೇ ದುಂಡಗೋ ಚೌಕವಾಗೋ ಕತ್ತರಿಸುತ್ತೆ. ಕತ್ತರಿಗೆ ಸಿಗದ ಜಾಗ ಅಂದ್ರೆ ನಡುವಿನ ವೃತ್ತ, ವ್ಯಾಸ ಶೇ 80. 512ರಲ್ಲಿ 409 ಪಿಕ್ಸೆಲ್. ಚಕ್ರ ಅದರೊಳಗೆ ಇರಲಿ, ಹಿನ್ನೆಲೆ ಬಣ್ಣ ಅಂಚಿನವರೆಗೂ ಹೋಗಲಿ. 180ರ ಫೈಲಲ್ಲಿ ಪಾರದರ್ಶಕ ಹಿನ್ನೆಲೆ ಬೇಡ, ಐಫೋನು ಅದನ್ನ ಕಪ್ಪು ಮಾಡಬಹುದು.

ಮೆಶ್‌ಮನೆ

ಬಣ್ಣದ ಬಗ್ಗೆ. ಟೂಲುಗಳು ಕೊಡುವ ಪ್ಯಾಲೆಟ್ ಪರದೆಯ ಮೇಲೆ ಮಿಂಚುವಂಥದ್ದು. ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಅಳತೆ) 0, 255, 0ರ ಹಸಿರಾಗಲಿ 0, 0, 255ರ ನೀಲಿಯಾಗಲಿ ನಾಲ್ಕು ಶಾಯಿಯ ಅಚ್ಚಿನಲ್ಲಿ ಬರುವುದೇ ಇಲ್ಲ. ಹಸಿರು ಸಪ್ಪೆಯಾಗುತ್ತದೆ, ನೀಲಿ ನೇರಳೆಗೆ ತಿರುಗುತ್ತದೆ. ಪ್ರೆಸ್‌ನವರು ಬಣ್ಣ ಕೆಡಿಸಿದರು ಅನ್ನುವ ಜಗಳಗಳಲ್ಲಿ ಬಹಳಷ್ಟು ಇದೇ. ಮೊದಲು ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಅನ್ನುವ ಅಚ್ಚಿನ ನಾಲ್ಕು ಶಾಯಿ) ಅಂಕಿ ಗೊತ್ತುಮಾಡಿ, ಅದಕ್ಕೆ ಹತ್ತಿರದ ಆರ್‌ಜಿಬಿಯನ್ನು ಪರದೆಗೆ ಇಟ್ಟುಕೊಳ್ಳಿ. ಹಿಂದುಮುಂದಾದರೆ ರಗಳೆ.

ಕಪ್ಪು ಇನ್ನೂ ಕಷ್ಟ. ಪರದೆಯ 0, 0, 0ವನ್ನು ಫೋಟೋಶಾಪ್‌ನ ಸ್ವಾಪ್ ಪ್ರೊಫೈಲಿನಲ್ಲಿ (ಅಮೆರಿಕದ ಅಚ್ಚಿನ ಬಣ್ಣದ ಮಾನದಂಡ) ಬದಲಿಸಿದರೆ ಸಿ 75, ಎಂ 68, ವೈ 67, ಕೆ 90 ಬರುತ್ತದೆ. ಒಟ್ಟು ಶೇ 300 ಶಾಯಿ. ಸಣ್ಣ ಅಕ್ಷರಕ್ಕೆ ನಾಲ್ಕು ಪ್ಲೇಟು ಕೂದಲೆಳೆಯಷ್ಟು ಜಾರಿದರೂ ಅಂಚಿನಲ್ಲಿ ಬಣ್ಣದ ನೆರಳು. ಹೆಸರಿನ ಕಪ್ಪು ಕೆ 100 ಮಾತ್ರ ಇರಲಿ, ಉಳಿದ ಮೂರು ಸೊನ್ನೆ. ಇಂಕ್‌ಸ್ಕೇಪಿನ ಪಿಡಿಎಫ್ ಆರ್‌ಜಿಬಿಯಲ್ಲೇ ಹೊರಬೀಳುವುದರಿಂದ ಈ ಕೆಲಸವನ್ನು ಸ್ಕ್ರೈಬಸ್ ಅನ್ನುವ ಪುಟವಿನ್ಯಾಸದ ಪ್ರೋಗ್ರಾಮಿನಲ್ಲಿ ಮಾಡಿ.

ಕಸೂತಿ ಮಾಡಿಸುವ ಯೋಚನೆ ಇದ್ದರೆ ಸುಮಾರು 1 ಮಿಲಿಮೀಟರಿಗಿಂತ ತೆಳು ಗೆರೆ, 5 ಮಿಲಿಮೀಟರಿಗಿಂತ ಗಿಡ್ಡ ಅಕ್ಷರ ಇಟ್ಟುಕೊಳ್ಳಬೇಡಿ. ಕನ್ನಡದ ಒತ್ತು ಆ ಗಾತ್ರದಲ್ಲಿ ದಾರದ ಗಂಟಾಗುತ್ತದೆ.

ತ್ರಿಜ್ಯ

ಪರದೆಗೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿರುವ ಅಂತರ) ಕೂಡ ಅಳೆಯಬೇಕು. ಬಿಳಿ ಮೇಲೆ ಅಪ್ಪಟ ಹಳದಿ 255, 255, 0 ಇಟ್ಟರೆ ಅನುಪಾತ 1.07, ಅಂದರೆ ಕಾಣುವುದೇ ಇಲ್ಲ. ಅಪ್ಪಟ ಕೆಂಪು 4.0. ಬೂದು 118, 118, 118 ಆದರೆ 4.54. ವೆಬ್ ಪುಟ ಎಲ್ಲರಿಗೂ ಓದಲು ಆಗಬೇಕೆನ್ನುವ ಡಬ್ಲ್ಯುಸಿಎಜಿ ಮಾನದಂಡದ ಎಎ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5, ದೊಡ್ಡದಕ್ಕೆ 3 ಇರಬೇಕು. ಲೋಗೋದೊಳಗಿನ ಅಕ್ಷರಕ್ಕೆ ವಿನಾಯಿತಿ ಇದೆ ನಿಜ, ಆದರೆ ಅದೇ ಬಣ್ಣವನ್ನು ನಾಳೆ ಬಟನ್ನಿಗೂ ತಲೆಬರಹಕ್ಕೂ ಹಾಕುತ್ತೀರಲ್ಲ, ಅಲ್ಲಿ ವಿನಾಯಿತಿ ಇಲ್ಲ.

ಕಡತಕಟ್ಟು

ಹಕ್ಕಿನ ಪ್ರಶ್ನೆ ಯಾರೂ ಕೇಳಲಿಲ್ಲ. ಲೋಗೋ ಮೇಕರಿನ ಚಿಹ್ನೆಗಳು ಸಾಮಾನ್ಯವಾಗಿ ಎಲ್ಲರಿಗೂ ಸಿಗುವ ಒಂದೇ ಸಂಗ್ರಹದವು. ಪರವಾನಗಿಯಲ್ಲಿ 'ನಾನ್-ಎಕ್ಸ್‌ಕ್ಲೂಸಿವ್' ಅಂತ ಇದ್ದರೆ ಅದೇ ಚಕ್ರವನ್ನು ಇನ್ನೊಬ್ಬರೂ ಬಳಸಬಹುದು, ನೀವು ತಡೆಯುವ ಹಾಗಿಲ್ಲ. ಆ ಸಂಗ್ರಹದ ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಸಬಾರದು ಅಂತಲೇ ಕೆಲವು ಪರವಾನಗಿಗಳು ಹೇಳುತ್ತವೆ. ಡೌನ್‌ಲೋಡ್ ಒತ್ತುವ ಮುಂಚೆ 'ಟ್ರೇಡ್‌ಮಾರ್ಕ್' ಪದವನ್ನು ಅವರ ಷರತ್ತುಗಳಲ್ಲಿ ಹುಡುಕಿ ಓದಿ.

ಎಐ ಚಿತ್ರದ ಕೃತಿಸ್ವಾಮ್ಯ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ, ಬರೀ ಪ್ರಾಂಪ್ಟ್ (ಎಐಗೆ ಕೊಡುವ ವಿವರಣೆ) ಬರೆದದ್ದು ಕರ್ತೃತ್ವಕ್ಕೆ ಸಾಲದು ಅಂದಿದೆ; ಮನುಷ್ಯ ಸೇರಿಸಿದ, ತಿದ್ದಿದ ಭಾಗಕ್ಕೆ ರಕ್ಷಣೆ ಸಿಗಬಹುದು. ಬ್ರಿಟನ್ನಿನ 1988ರ ಕಾಯಿದೆಯಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಬೇರೆಯೇ ಕಲಂ ಇದೆ, ಅದಕ್ಕೆ ಏರ್ಪಾಡು ಮಾಡಿದವರನ್ನು ಕರ್ತೃ ಅನ್ನುತ್ತದೆ. ತ್ರಿಜ್ಯ ಹೇಳಿದಂತೆ ಕೈಯಿಂದ ಮರುಬರೆದರೆ ಈ ಲೆಕ್ಕದಲ್ಲೂ ಅನುಕೂಲ. ಕರಡು, ನಡುವಿನ ಆವೃತ್ತಿಗಳು, ತಾರೀಖಿನ ಸಮೇತ ಎಲ್ಲ ಇಟ್ಟುಕೊಳ್ಳಿ.

ಟ್ರೇಡ್‌ಮಾರ್ಕ್ ಬೇರೆ ವಿಷಯ. ಅಲ್ಲಿ ಬರೆದವರು ಯಾರು ಅನ್ನುವುದಕ್ಕಿಂತ, ನಿಮ್ಮದನ್ನು ಬೇರೆಯವರದರಿಂದ ಗುರುತಿಸಬಹುದೇ ಅನ್ನುವುದು ಮುಖ್ಯ. ಸೈಕಲ್ ರಿಪೇರಿಗೆ ಚಕ್ರ ಮತ್ತು ಸ್ಪ್ಯಾನರ್ ಅಂದರೆ ಕಸುಬನ್ನೇ ಬಣ್ಣಿಸಿದ ಹಾಗೆ, ಬಲ ಕಡಿಮೆ. ವೈಪೋದ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸಿನಲ್ಲಿ ಚಿತ್ರವನ್ನೇ ಹಾಕಿ ಹೋಲುವ ಮುದ್ರೆಗಳನ್ನು ಪುಕ್ಕಟೆ ಹುಡುಕಬಹುದು. ಟ್ರೇಡ್‌ಮಾರ್ಕಿಗಾಗಿ ಸರಕು, ಸೇವೆಗಳನ್ನು ವಿಂಗಡಿಸುವ ನೀಸ್ ವರ್ಗೀಕರಣದಲ್ಲಿ 45 ವರ್ಗ: 1ರಿಂದ 34 ಸರಕು, 35ರಿಂದ 45 ಸೇವೆ. ರಿಪೇರಿ 37ರಲ್ಲಿ, ಸ್ವಂತ ಹೆಸರಿನ ಸೈಕಲ್ಲೇ ಮಾರಿದರೆ ವಾಹನಗಳ 12ರಲ್ಲಿ. ಎರಡನ್ನೂ ನೋಡಿ.

ಚಕ್ರಪಾಣಿ_ಹೊಸಬ

ಚಕ್ರ ಮರುಬರೆದೆ, 8 ಕಡ್ಡಿ. ಹೆಸರು ಪಾತ್ ಆಯಿತು. ಸ್ಪ್ಯಾನರಿಗೆ ಮಾತ್ರ ಗ್ರೇಡಿಯಂಟ್ ಉಳಿಸಿಕೊಂಡಿದ್ದೇನೆ, ವೆಬ್‌ಸೈಟಿಗಷ್ಟೇ. ಕಡ್ಡಿಗಳನ್ನು ದಪ್ಪ ಗೆರೆಯಾಗಿ ಎಳೆದಿದ್ದೆ. ಫೈಲ್ ಕುಗ್ಗಿಸಿದರೆ ಚಕ್ರ ಚಿಕ್ಕದಾಗುತ್ತದೆ, ಗೆರೆ ಮಾತ್ರ ಅಷ್ಟೇ ದಪ್ಪ ಉಳಿಯುತ್ತದೆ. ವೆಬ್ ಪುಟದಲ್ಲಿ ಲೋಗೋ ಎರಡು ಕಡೆ ಇದೆ, ಫೋನಿನಲ್ಲಿ ಸ್ಪ್ಯಾನರೇ ಕಾಣೆ.

ಗೆರೆಗಾರ

ಕಡ್ಡಿಗಳನ್ನು ಆರಿಸಿ ಕಂಟ್ರೋಲ್+ಆಲ್ಟ್+ಸಿ, 'ಸ್ಟ್ರೋಕ್ ಟು ಪಾತ್'. ಗೆರೆ ಆಕಾರವಾಗುತ್ತದೆ, ಚಕ್ರದ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಆಮೇಲೆ ಹೊರಸುತ್ತಿನ ಜೊತೆ ಯೂನಿಯನ್. ಎಲ್ಲ ಆರಿಸಿ ಕಂಟ್ರೋಲ್+ಶಿಫ್ಟ್+ಆರ್ ಒತ್ತಿ, ಪುಟ ಲೋಗೋದ ಅಳತೆಗೆ ಬರುತ್ತದೆ. ಇಲ್ಲದಿದ್ದರೆ ಸುತ್ತಲಿನ ಕಾಣದ ಖಾಲಿ ಜಾಗ ಸೇರಿ ಲೋಗೋ ಎಲ್ಲ ಕಡೆ ಪುಟ್ಟದಾಗಿ ಕೂರುತ್ತದೆ. ಉಳಿಸುವಾಗ 'ಪ್ಲೇನ್ ಎಸ್‌ವಿಜಿ'.

ಪಿಕ್ಸೆಲ್‌ಪುಟ್ಟ

ಸ್ಪ್ಯಾನರ್ ಕಾಣೆ ಆಗಿದ್ದು ಗ್ರೇಡಿಯಂಟಿನ ಐಡಿಯಿಂದ, ಅಂದ್ರೆ ಕೋಡಲ್ಲಿ ಅದನ್ನ ಕರೆಯೋ ಹೆಸರಿಂದ. ಎರಡು ಎಸ್‌ವಿಜಿಯನ್ನೂ ಪುಟದ ಕೋಡಲ್ಲೇ ಅಂಟಿಸಿದೀರ ಅನ್ಸುತ್ತೆ. ಎರಡರಲ್ಲೂ ಗ್ರೇಡಿಯಂಟಿಗೆ ಒಂದೇ ಐಡಿ, ಬ್ರೌಸರ್ ಮೊದಲು ಸಿಕ್ಕಿದ್ದನ್ನೇ ಹಿಡಿಯುತ್ತೆ. ಫೋನಲ್ಲಿ ಮೊದಲನೇ ಲೋಗೋ ಬಚ್ಚಿಟ್ಟಿದ್ರೆ ಅದರ ಗ್ರೇಡಿಯಂಟೂ ಕೆಲಸ ಮಾಡಲ್ಲ, ಎರಡನೇದಕ್ಕೆ ಬಣ್ಣ ಸಿಗಲ್ಲ. ಎರಡನೇದರ ಐಡಿ ಬದಲಾಯಿಸಿ, ಆ ಫೈಲಲ್ಲಿ ಅದನ್ನ ಕರೆಯೋ ಕಡೆಯೂ ಬದಲಾಯಿಸಿ. ಇಲ್ಲಾಂದ್ರೆ ಎರಡನ್ನೂ ಚಿತ್ರದ ಫೈಲಾಗಿ ಲಿಂಕ್ ಮಾಡಿ, ಆಗ ಒಂದರ ಐಡಿ ಇನ್ನೊಂದಕ್ಕೆ ಗೊತ್ತೇ ಆಗಲ್ಲ.

ಮೆಶ್‌ಮನೆ

ಪ್ರೆಸ್‌ಗೆ ಕಳಿಸುವುದು ಗ್ರೇಡಿಯಂಟ್ ಇಲ್ಲದ್ದು. ಒಂದೇ ಬಣ್ಣದ ಪ್ರತಿ, ಕಪ್ಪು ಹಿನ್ನೆಲೆಗೆ ಬಿಳಿ ಪ್ರತಿ, ಅಡ್ಡ ಜೋಡಣೆ, ಉದ್ದ ಜೋಡಣೆ, ಬರೀ ಚಿಹ್ನೆ: ಐದನ್ನೂ ಬೇರೆ ಬೇರೆ ಪಿಡಿಎಫ್ ಮಾಡಿ. ಬಿಳಿ ಪ್ರತಿಯನ್ನು ಕಪ್ಪಿನ ಬಣ್ಣ ತಿರುಗಿಸಿ ಮಾಡಿದ್ದರೆ ಕಡ್ಡಿಗಳನ್ನು ಒಂಚೂರು ತೆಳು ಮಾಡಿ, ಕಪ್ಪಿನ ಮೇಲೆ ಬಿಳಿ ಗೆರೆ ಕಣ್ಣಿಗೆ ದಪ್ಪ ಕಾಣುತ್ತದೆ. ಆದರೆ ಅಚ್ಚಿನಲ್ಲಿ ಸುತ್ತಲಿನ ಶಾಯಿ ಹರಡಿ ಬಿಳಿ ಗೆರೆ ತುಂಬಿಕೊಳ್ಳುವುದೂ ಉಂಟು. ಪರದೆಗೆ ತೆಳು ಮಾಡಿದ್ದನ್ನು, ಅಚ್ಚಿಗೆ ಮೊದಲಿನ ದಪ್ಪದ್ದನ್ನು ಕೊಡಿ. ಫೈಲ್ ಹೆಸರಿನಲ್ಲೇ ಯಾವುದು ಯಾವುದಕ್ಕೆ ಅಂತ ಬರೆದಿರಲಿ. 'ಫೈನಲ್', 'ಫೈನಲ್2', 'ನಿಜವಾದ ಫೈನಲ್' ಅಂತ ಮೂರು ಒಟ್ಟಿಗೆ ಬಂದರೆ ನಾವು ಅಚ್ಚು ಹಾಕುವುದು ತಪ್ಪಾದದ್ದನ್ನೇ.